ಸಾಲದ ಬಲ, ಯಕೃತ್ತಿನ ಬಡ್ಡಿ

ವ್ಯಾಪಾರದಲ್ಲಿ ಎರಡು ಬಗೆಯ ಬೆಳವಣಿಗೆಯುಂಟು. ದುಡಿದು ಗಳಿಸಿದ ಲಾಭವನ್ನು ವರ್ಷ ವರ್ಷವೂ ಬಂಡವಾಳಕ್ಕೆ ಸೇರಿಸುತ್ತ ಬಂದ ಅಂಗಡಿ ನಿಧಾನವಾಗಿ ಬೆಳೆಯುತ್ತದೆ. ಸಾಲ ತಂದು ತುಂಬಿಸಿದ ಅಂಗಡಿ ಒಂದೇ ದೀಪಾವಳಿಗೆ ಕಣ್ಣು ಕೋರೈಸುತ್ತದೆ. ದಾರಿಹೋಕರಿಗೆ ಎರಡನೆಯದೇ ದೊಡ್ಡ ಅಂಗಡಿಯಾಗಿ ತೋರುವುದು ಸಹಜ. ಕಿರ್ದಿ-ಖತಾವಣಿ ಬಿಚ್ಚಿ ನೋಡಿದವನಿಗೆ ಮಾತ್ರ ಬಡ್ಡಿಯ ಕಾಲಂ ಕಾಣುತ್ತದೆ. ಅಡತಿ ವ್ಯಾಪಾರದಲ್ಲಿ ನಲವತ್ತು ವರ್ಷ ಲೆಕ್ಕ ಬರೆದ ನಾನು ಇದನ್ನು ಚೆನ್ನಾಗಿ ಬಲ್ಲೆನೆಂದುಕೊಂಡಿದ್ದೆ. ಆದರೆ ನಮ್ಮ ಮನೆಯಲ್ಲಿಯೇ ಅಂಥದೊಂದು ಸಾಲ ಬೆಳೆಯುತ್ತಿದ್ದಾಗ ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ನಮ್ಮ ಅಕ್ಕನ ಮೊಮ್ಮಗ ಜೇವರ್ಗಿಯಲ್ಲಿ ಇರುತ್ತಾನೆ, ಇಪ್ಪತ್ತೆರಡರ ವಯಸ್ಸು. ದಸರೆಗೆ ಮನೆಗೆ ಬಂದಾಗ ಅವನ ಭುಜ, ಎದೆ, ತೋಳುಗಳನ್ನು ಕಂಡು ಎಲ್ಲರೂ ಹೊಗಳಿದರು. ಹೊಗಳಿದವರಲ್ಲಿ ನಾನೂ ಒಬ್ಬ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವನ ಕಣ್ಣು ಹಳದಿಯಾಯಿತು. ಮೂತ್ರ ಕಡುಬಣ್ಣಕ್ಕೆ ತಿರುಗಿತು. ರಾತ್ರಿಯೆಲ್ಲ ಮೈ ತುರಿಕೆ, ನಿದ್ರೆಯಿಲ್ಲ. ಕಾಮಾಲೆಯೆಂದು ಮನೆಯವರು ಎರಡು ವಾರ ನಾಟಿ ಔಷಧ ಕುಡಿಸಿದರು. ಕಡೆಗೆ ಕಲಬುರಗಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರೆ ಕಾಮಾಲೆ ತರುವ ಯಾವ ವೈರಾಣುವಿನ ಸುಳಿವೂ ಇಲ್ಲ. ವೈದ್ಯರು ಮೂರನೆಯ ಸಲ ಬಿಡಿಸಿ ಕೇಳಿದಾಗ ಹುಡುಗ ನಿಜ ಹೇಳಿದ: ಮೂರು ತಿಂಗಳಿಂದ ಮೈ ಬೆಳೆಸುವ ಗುಳಿಗೆ ನುಂಗುತ್ತಿದ್ದ. ಅದನ್ನು ಬರೆದುಕೊಟ್ಟ ವೈದ್ಯನಿಲ್ಲ. ಚೀಟಿಯಿಲ್ಲದೆ ಕೊಟ್ಟ ಅಂಗಡಿಯವನಿದ್ದಾನೆ. ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ನನಗೆ ಅವನು ಹೇಳಿದ ಮಾತು ಇಷ್ಟೇ: “ಮುತ್ಯಾ, ಜಿಮ್ಮಿನ್ಯಾಗ ಎಲ್ಲಾರೂ ತೊಗೋತಾರ. ಮನಿಯಾಗ ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ.”

ಆ ಮಾತಿನಿಂದ ಹುಟ್ಟಿದ್ದು ಈ ಲೇಖನ. ಅನಬಾಲಿಕ್ ಸ್ಟಿರಾಯ್ಡ್ ಎಂಬ ಈ ವಸ್ತು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಯಕೃತ್ತಿಗೆ ಅದು ಮಾಡುವ ಹಾನಿ ಲೋಕಕ್ಕೆ ಎಂದು ತಿಳಿಯಿತು ಎಂಬುದನ್ನು ವಾಚಕರ ಮುಂದಿಡುವುದು ಇಲ್ಲಿನ ಉದ್ದೇಶ. ನಾನು ವೈದ್ಯನಲ್ಲ, ವಾಣಿಜ್ಯದ ವಿದ್ಯಾರ್ಥಿ. ಆದುದರಿಂದ ಇದನ್ನು ಲೆಕ್ಕದ ಪುಸ್ತಕ ಓದುವ ಕ್ರಮದಲ್ಲಿಯೇ ಓದಿದ್ದೇನೆ.

ಗರಡಿಯ ಕಾಲ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಮೈಬಲ ಹೊಸದಲ್ಲ. ಊರ ಹನುಮಂತನ ಗುಡಿಯ ಪಕ್ಕದ ತಾಲೀಮು, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ದಂಡ-ಬೈಠಕು, ಜಾತ್ರೆಯಲ್ಲಿ ಜಂಗೀ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ, ಜೋಳದ ಚೀಲ ಹೊರುವ ಪಣ — ಇವೆಲ್ಲ ನನ್ನ ವಯಸ್ಸಿನವರು ಕಣ್ಣಾರೆ ಕಂಡವು. ಪೈಲ್ವಾನನ ಮೈ ಹತ್ತು ವರ್ಷದ ಗಳಿಕೆ. ಅವನ ಆಹಾರದಲ್ಲಿ ರೊಟ್ಟಿ, ಬೇಳೆ, ಹಾಲು, ತುಪ್ಪ, ಶೇಂಗಾ ಇದ್ದವು. ಉಸ್ತಾದನ ಕಣ್ಣು ಸದಾ ಅವನ ಮೇಲಿರುತ್ತಿತ್ತು.

ಅಂಗಸೌಷ್ಠವವನ್ನೇ ಗುರಿಯಾಗಿಟ್ಟುಕೊಂಡ ಆಧುನಿಕ ದೇಹದಾರ್ಢ್ಯಕ್ಕೆ ಕನ್ನಡ ನಾಡಿನಲ್ಲಿ ಕೀರ್ತಿ ತಂದವರು ಬೆಂಗಳೂರಿನ ಕೆ. ವಿ. ಅಯ್ಯರ್. ನಮ್ಮ ವಾಚಕರು ಅವರನ್ನು ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಬಲ್ಲರು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳ ರಾಣಿಯ ಕಥೆಯನ್ನು ಬರೆದ ಅದೇ ಕೈ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನೂ ಕಟ್ಟಿತು. 1920 ಮತ್ತು 1930ರ ದಶಕಗಳಲ್ಲಿ ಅವರ ಮೈಕಟ್ಟಿನ ಭಾವಚಿತ್ರಗಳು ದೇಶ-ವಿದೇಶಗಳಲ್ಲಿ ಮೆಚ್ಚುಗೆ ಪಡೆದವು. ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯರ ತೂಕ ಎತ್ತುವ ಕ್ರಮವನ್ನೂ ಅವರು ಜೋಡಿಸಿದರು. ಎಂಬತ್ತರ ಆಸುಪಾಸಿನವರೆಗೂ ಬಾಳಿ 1980ರಲ್ಲಿ ದಿವಂಗತರಾದರು. ಬಂಗಾಳದ ಮನೋಹರ ಐಚ್ 1952ರಲ್ಲಿ ‘ವಿಶ್ವಶ್ರೀ’ ಪ್ರಶಸ್ತಿ ಗೆದ್ದವರು. ಅವರು 2016ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಇವರಿಬ್ಬರ ಮೈಕಟ್ಟು ರೂಪುಗೊಂಡದ್ದು ಮುಂದೆ ಹೇಳಲಿರುವ ಗುಳಿಗೆ ಅಂಗಡಿಗೆ ಬರುವ ಮೊದಲು ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಔಷಧದ ಹುಟ್ಟು

ಈ ವಸ್ತುವಿನ ಚರಿತ್ರೆ ಪ್ರಾಣಿಹಿಂಸೆಯಿಂದಲೇ ಆರಂಭವಾಗುತ್ತದೆ. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರ್ ಎಂಬ 72 ವರ್ಷದ ಪ್ರಸಿದ್ಧ ಶರೀರಶಾಸ್ತ್ರಜ್ಞ ನಾಯಿಗಳ ಮತ್ತು ಗಿನಿ ಹಂದಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ವಿದ್ವತ್ಸಭೆಯಲ್ಲಿ ಸಾರಿದ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದದ್ದು ಅತ್ಯಲ್ಪ. ಅವನಿಗೆ ಮರಳಿದ್ದು ನಂಬಿಕೆಯ ಬಲ. ಆದರೂ ಜಗತ್ತು ಆ ದಾರಿ ಹಿಡಿಯಿತು. 1927ರಲ್ಲಿ ಶಿಕಾಗೋದಲ್ಲಿ ಸುಮಾರು 18 ಕಿಲೋ ಹೋರಿಯ ವೃಷಣಗಳಿಂದ 20 ಮಿಲಿಗ್ರಾಂ ಸತ್ವ ತೆಗೆದರು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕರ್ ಅವರ ತಂಡ ಸುಮಾರು 100 ಕಿಲೋದಿಂದ 10 ಮಿಲಿಗ್ರಾಂ ಶುದ್ಧ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೋಸ್ಟಿರೋನ್ ಎಂದು ಹೆಸರಿಟ್ಟಿತು.

ಅದೇ ವರ್ಷ ಜರ್ಮನಿಯ ಬುಟೆನಾಂಟ್ ಮತ್ತು ಸ್ವಿಟ್ಜರ್ಲೆಂಡಿನ ರುಜಿಚ್ಕಾ ಅವರು ಬೇರೆ ಬೇರೆಯಾಗಿ ಈ ಹಾರ್ಮೋನನ್ನು ಕೊಲೆಸ್ಟರಾಲ್‌ನಿಂದ ಕೃತಕವಾಗಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಸಂದಿತು. ಮುಂದೆ 1940ರ ದಶಕದಲ್ಲಿ ಅಮೆರಿಕದ ರಸೆಲ್ ಮಾರ್ಕರ್ ಮೆಕ್ಸಿಕೋದ ಒಂದು ಕಾಡುಗೆಣಸಿನಿಂದ ಸ್ಟಿರಾಯ್ಡ್‌ಗಳ ಮೂಲವಸ್ತುವನ್ನು ಅಗ್ಗವಾಗಿ ತೆಗೆಯುವ ಕ್ರಮವನ್ನು ಕಂಡುಹಿಡಿದ. ಇಲ್ಲಿಗೆ ಹೋರಿಯ ಪ್ರಾಣದ ಪ್ರಶ್ನೆ ಹಿಂದೆ ಸರಿಯಿತು. “ಇದು ಸಸ್ಯಮೂಲದ್ದು, ನಮಗೆ ಅಡ್ಡಿಯಿಲ್ಲ” ಎನ್ನುವ ಯುವಕರನ್ನು ನಾನು ಕಂಡಿದ್ದೇನೆ. ಕಂದಮೂಲ ವರ್ಜಿಸುವ ಮನೆಯ ಮಕ್ಕಳು ಗೆಣಸಿನ ಆಧಾರ ಹಿಡಿಯುವ ವಿನೋದ ಹಾಗಿರಲಿ. ಹೋರಿಗೆ ತಪ್ಪಿದ ಹಿಂಸೆ ಈಗ ಸೇವಿಸುವವನ ಮೈಯೊಳಗೇ ನಡೆಯುತ್ತಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಕಾವಲುಗಾರನನ್ನು ತಪ್ಪಿಸಿದ ಉಪಾಯ

ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಕೆಳಗೆ ಇರುವ, ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಕದ ಅಂಗ. ಕರುಳಿನಿಂದ ಬರುವ ರಕ್ತ ದೇಹದ ಉಳಿದೆಡೆಗೆ ಹೋಗುವ ಮೊದಲು ಈ ನಾಕೆಯನ್ನು ದಾಟಿಯೇ ಹೋಗಬೇಕು. ನುಂಗಿದ ವಸ್ತುಗಳನ್ನು ಅದು ಪರೀಕ್ಷಿಸಿ, ಒಡೆದು, ಬೇಡವಾದುದನ್ನು ಪಿತ್ತದ ಮೂಲಕ ಹೊರಕ್ಕೆ ಕಳಿಸುತ್ತದೆ. ಶುದ್ಧ ಟೆಸ್ಟೋಸ್ಟಿರೋನನ್ನು ನುಂಗಿದರೆ ಯಕೃತ್ತು ಅದರ ಬಹುಭಾಗವನ್ನು ಅಲ್ಲಿಯೇ ನಾಶಮಾಡುತ್ತದೆ; ಆದುದರಿಂದ ಗುಳಿಗೆ ವ್ಯರ್ಥ.

ಈ ತೊಡಕಿಗೆ ರಸಾಯನಜ್ಞರು ಉಪಾಯ ಕಂಡರು. ಅಣುವಿನ 17ನೆಯ ಇಂಗಾಲದ ಸ್ಥಾನದಲ್ಲಿ ಮೀಥೈಲ್ ಎಂಬ ಚಿಕ್ಕದೊಂದು ಗುಂಪನ್ನು ಅಂಟಿಸಿದರೆ ಯಕೃತ್ತು ಅದನ್ನು ಸುಲಭವಾಗಿ ಒಡೆಯಲಾರದು. ಹೀಗೆ 1935ರಲ್ಲಿಯೇ ಮೀಥೈಲ್‌ಟೆಸ್ಟೋಸ್ಟಿರೋನ್ ಸಿದ್ಧವಾಯಿತು. ಗುಳಿಗೆ ಫಲ ಕೊಡುವುದಕ್ಕೆ ಯಾವುದು ಕಾರಣವೋ ಅದೇ ಯಕೃತ್ತಿನ ಸಂಕಟಕ್ಕೂ ಕಾರಣ: ಒಡೆಯಲಾಗದ ವಸ್ತು ಅಲ್ಲಿ ಸುಳಿದಾಡುತ್ತ ಪಿತ್ತದ ಹರಿವನ್ನು ತಡೆಯುತ್ತದೆ. ಪಿತ್ತ ನಿಂತರೆ ಅದರ ಬಣ್ಣದ ದ್ರವ್ಯ ರಕ್ತಕ್ಕೆ ಏರಿ ಕಣ್ಣು-ಚರ್ಮ ಹಳದಿಯಾಗುತ್ತವೆ, ಮಲ ಬಿಳಿಚುತ್ತದೆ, ಅಸಹ್ಯ ತುರಿಕೆ ಹುಟ್ಟುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ.

ಇದು ಯಾವಾಗ ತಿಳಿಯಿತು? ವಾಚಕರು ಇಲ್ಲಿ ಇಸವಿಗಳನ್ನು ಗಮನಿಸಬೇಕು. ಮೀಥೈಲ್‌ಟೆಸ್ಟೋಸ್ಟಿರೋನ್ ಸೇವಿಸಿದ ರೋಗಿಗಳಲ್ಲಿ ಕಾಮಾಲೆ ಕಂಡುದನ್ನು ಅಮೆರಿಕದ ವೈದ್ಯ ವರ್ನರ್ 1947ರಲ್ಲಿ ಪ್ರಕಟಿಸಿದರು. 1950ರಲ್ಲಿ ಸಹೋದ್ಯೋಗಿಗಳೊಡನೆ ಅದರ ಮೇಲೆಯೇ ಪ್ರತ್ಯೇಕ ಲೇಖನ ಬರೆದರು. ವ್ಯಾಯಾಮಪಟುಗಳ ನಡುವೆ ಹೆಸರಾದ ಡಯನಬಾಲ್ ಗುಳಿಗೆಯನ್ನು ಸೀಬಾ ಸಂಸ್ಥೆ ಅಮೆರಿಕದ ಮಾರುಕಟ್ಟೆಗೆ ತಂದದ್ದು 1958ರಲ್ಲಿ. ಅದರ ರಚನೆಯಲ್ಲಿಯೂ 17ನೆಯ ಸ್ಥಾನದ ಅದೇ ಅಂಟು ಇತ್ತು. ಎಂದರೆ ದೋಷ ವೈದ್ಯಲೋಕದ ಪುಟಗಳಲ್ಲಿ ದಾಖಲಾಗಿ ಹತ್ತು ವರ್ಷ ಕಳೆದ ಮೇಲೆ ಸರಕು ಅಂಗಡಿಗೆ ಬಂತು. ಬಡ್ಡಿಯ ದರ ಪತ್ರದಲ್ಲಿ ಬರೆದೇ ಇತ್ತು. ಸಾಲ ತೆಗೆದುಕೊಂಡವರು ಓದಲಿಲ್ಲ, ಕೊಟ್ಟವರು ಓದಿ ಹೇಳಲಿಲ್ಲ.

ಅದನ್ನು ಭಾರ ಎತ್ತುವವರಿಗೆ ಪರಿಚಯಿಸಿದ ಅಮೆರಿಕದ ವೈದ್ಯ ಜಾನ್ ಝೀಗ್ಲರ್ ಅಲ್ಪ ಪ್ರಮಾಣವನ್ನೇ ಹೇಳಿದ್ದರು. ಪಟುಗಳು ಅದನ್ನು ಹಲವು ಪಟ್ಟು ಏರಿಸಿದರು. ತಾವು ತೆರೆದ ದಾರಿಯ ಬಗ್ಗೆ ಝೀಗ್ಲರ್ ಕೊನೆಗಾಲದಲ್ಲಿ ಪಶ್ಚಾತ್ತಾಪಪಟ್ಟರು. ಚಿಕಿತ್ಸೆಗಾಗಿ ಬರೆಯುವ ಪ್ರಮಾಣದ ಹತ್ತರಿಂದ ನೂರು ಪಟ್ಟು ಸೇವಿಸುವುದು, ಎರಡು ಮೂರು ಬಗೆಯನ್ನು ಒಟ್ಟಿಗೆ ಬೆರೆಸುವುದು ಇಂದಿಗೂ ಈ ಕ್ಷೇತ್ರದ ವಾಡಿಕೆ.

ಯಕೃತ್ತು ಕಟ್ಟಿದ ಬಡ್ಡಿ

ಕಾಮಾಲೆ ಮೊದಲ ಕಂತು ಮಾತ್ರ. ರಕ್ತಹೀನತೆಯ ಕೆಲವು ಕಠಿಣ ರೋಗಗಳಿಗೆ ಇದೇ ವರ್ಗದ ಔಷಧವನ್ನು ದೀರ್ಘಕಾಲ ಕೊಡುತ್ತಿದ್ದರು. ಅಂಥ ರೋಗಿಗಳಲ್ಲಿ ಯಕೃತ್ತಿನ ಗಡ್ಡೆಗಳು ಕಂಡುಬಂದುದನ್ನು 1971 ಮತ್ತು 1972ರಲ್ಲಿ ಪ್ರಮುಖ ವೈದ್ಯ ಪತ್ರಿಕೆಗಳು ವರದಿ ಮಾಡಿದವು. ಕೆಲವರಲ್ಲಿ ಯಕೃತ್ತಿನೊಳಗೆ ರಕ್ತ ತುಂಬಿದ ಪೊಟರೆಗಳು ಏರ್ಪಟ್ಟಿದ್ದವು. ಪೀಲಿಯೋಸಿಸ್ ಎಂಬ ಈ ಸ್ಥಿತಿಯಲ್ಲಿ ನೋವಿಲ್ಲ, ಸೂಚನೆಯಿಲ್ಲ. ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವ. ಇವರು ರೋಗಿಗಳು, ಆರೋಗ್ಯವಂತರಿಗೆ ಹೀಗಾಗದು ಎಂಬ ಸಮಾಧಾನವೂ ಬಹಳ ಕಾಲ ಉಳಿಯಲಿಲ್ಲ. 1984ರಲ್ಲಿ 26 ವರ್ಷದ ದೇಹದಾರ್ಢ್ಯಪಟುವೊಬ್ಬನ ಯಕೃತ್ತಿನ ಅರ್ಬುದದ ವರದಿ ಅಮೆರಿಕದಿಂದ ಬಂತು. 1988ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ಬಂತು: ಮೂವತ್ತು ತುಂಬದ ಪಟು, ಯಕೃತ್ತಿನ ಗಡ್ಡೆ ಒಡೆದು ರಕ್ತಸ್ರಾವದಿಂದ ಮರಣ. ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ 1987ರಲ್ಲಿ ಈ ವರ್ಗವನ್ನು ಮನುಷ್ಯರಲ್ಲಿ ‘ಬಹುಶಃ ಅರ್ಬುದಕಾರಕ’ ಎಂಬ ಪಟ್ಟಿಗೆ ಸೇರಿಸಿತು.

ಪೂರ್ವ ಜರ್ಮನಿಯ ಕಥೆ ಇನ್ನೂ ಘೋರ. ಅಲ್ಲಿನ ಸರಕಾರ 1974ರಿಂದ ಗುಪ್ತ ಯೋಜನೆಯೊಂದನ್ನು ಮಾಡಿ, ಎಳೆಯ ಕ್ರೀಡಾಳುಗಳಿಗೂ ಇಂಥ ಗುಳಿಗೆ ತಿನ್ನಿಸಿತು; ಎಷ್ಟೋ ಹುಡುಗಿಯರು ಅದನ್ನು ಜೀವಸತ್ವವೆಂದೇ ನಂಬಿದ್ದರು. ಆ ರಾಜ್ಯ ಕುಸಿದ ಮೇಲೆ ಹೊರಬಂದ ಕಾಗದಪತ್ರಗಳಲ್ಲಿ, ಯಕೃತ್ತಿನ ಹಾನಿಯನ್ನು ವೈದ್ಯರೇ ಬರೆದಿಟ್ಟುಕೊಂಡಿದ್ದು ಕಂಡುಬಂತು. ತಿಳಿಯದೆ ಮಾಡಿದ ತಪ್ಪು ಬೇರೆ. ಬರೆದಿಟ್ಟುಕೊಂಡು ಮಾಡಿದ್ದು ಬೇರೆ.

ನೇರ ತಕ್ಕಡಿ

ಎಚ್ಚರಿಸುವ ಭರದಲ್ಲಿ ಹಿರಿಯರು ಸುಳ್ಳು ತೂಗಬಾರದು. ಅದಕ್ಕೂ ಇತಿಹಾಸದ ಪಾಠವುಂಟು. ಅಮೆರಿಕದ ಕ್ರೀಡಾವೈದ್ಯ ಸಂಸ್ಥೆ 1977ರಲ್ಲಿ, ಈ ಔಷಧಗಳಿಂದ ಬಲ ಹೆಚ್ಚುವುದೆಂಬುದಕ್ಕೆ ಖಚಿತ ಪುರಾವೆಯಿಲ್ಲವೆಂದು ಸಾರಿತು. ವ್ಯಾಯಾಮಶಾಲೆಯ ಹುಡುಗರಿಗೆ ಕನ್ನಡಿಯಲ್ಲಿ ಬೇರೆಯದೇ ಕಾಣುತ್ತಿತ್ತು. 1984ರಲ್ಲಿ ಸಂಸ್ಥೆ ತನ್ನ ನಿಲುವನ್ನು ತಿದ್ದಿಕೊಂಡಿತು, ಆದರೆ ಅಷ್ಟರಲ್ಲಿ ವೈದ್ಯರ ಮಾತಿನ ಮೇಲಿನ ವಿಶ್ವಾಸ ಹೋಗಿತ್ತು. ಒಂದು ವಿಷಯದಲ್ಲಿ ತಪ್ಪಿದವರು ಇನ್ನೊಂದರಲ್ಲಿ ಹೇಳಿದ ನಿಜವನ್ನೂ ಯಾರು ನಂಬುತ್ತಾರೆ?

ಆದುದರಿಂದ ಇದ್ದುದನ್ನು ಇದ್ದಂತೆಯೇ ಹೇಳತಕ್ಕದ್ದು. ಈ ಔಷಧಗಳಿಂದ ಸ್ನಾಯು ಬೆಳೆಯುವುದು ನಿಜ. ಯಕೃತ್ತಿಗೆ ಹೆಚ್ಚು ಅಪಾಯ ನುಂಗುವ ಗುಳಿಗೆಗಳಿಂದ. ಸ್ನಾಯುವಿಗೆ ಕೊಡುವ ಚುಚ್ಚುಮದ್ದುಗಳಿಂದ ಆ ಅಪಾಯ ಕಡಿಮೆ. ಆದರೆ ಹೃದಯದ ಸ್ನಾಯು ದಪ್ಪವಾಗುವುದು, ಒಳ್ಳೆಯ ಕೊಲೆಸ್ಟರಾಲ್ ಕುಸಿಯುವುದು, ವೃಷಣ ಕುಗ್ಗಿ ಸಂತಾನಶಕ್ತಿ ಕುಂದುವುದು ಎರಡಕ್ಕೂ ಸಮಾನ. ಸೂಜಿ ಹಂಚಿಕೊಂಡರೆ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ಹೊಕ್ಕು ಬೇರೊಂದು ದಾರಿಯಿಂದ ಯಕೃತ್ತನ್ನೇ ತಲುಪುತ್ತವೆ. ಗಡ್ಡೆ, ಅರ್ಬುದಗಳು ವಿರಳ. ಕಾಮಾಲೆ ಬಂದವರು ಬಹುತೇಕ ಗುಳಿಗೆ ನಿಲ್ಲಿಸಿದ ಕೆಲವು ವಾರ-ತಿಂಗಳುಗಳಲ್ಲಿ ಗುಣಮುಖರಾಗುತ್ತಾರೆ. ಈ ಕೊನೆಯ ಮಾತನ್ನು ಧೈರ್ಯವಾಗಿ ಹೇಳಬೇಕು, ಏಕೆಂದರೆ ಗುಟ್ಟು ಬಿಚ್ಚಿ ಹೇಳಿದರೆ ಉಳಿಯುವ ದಾರಿಯುಂಟು ಎಂದು ಹುಡುಗರಿಗೆ ತಿಳಿಯಬೇಕಾಗಿದೆ.

ಪರೀಕ್ಷೆಯ ವಿಷಯದಲ್ಲಿಯೂ ಒಂದು ಮಾತು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಅಂಕಿಗಳು ಭಾರೀ ವ್ಯಾಯಾಮ ಮಾಡಿದ ಮೇಲೆ ಸ್ನಾಯುಗಳಿಂದಲೂ ಏರುತ್ತವೆ. ಜಿಜಿಟಿ, ಬಿಲಿರುಬಿನ್ ಮುಂತಾದುವನ್ನು ಕೂಡಿಸಿ ನೋಡಿ ವೈದ್ಯರು ನಿರ್ಣಯಿಸುತ್ತಾರೆ. ಆ ನಿರ್ಣಯ ಸರಿಯಾಗಬೇಕಾದರೆ ಏನು ನುಂಗಿದೆ ಎಂಬುದನ್ನು ಅವರಿಂದ ಮುಚ್ಚಿಡಬಾರದು. ಅದನ್ನು ಮುಚ್ಚಿಟ್ಟು, ಮೇಲೆ ಹೆಸರಿಲ್ಲದ ನಾಟಿ ಔಷಧ ಕುಡಿಸುವುದು ಬಳಲಿದ ಎತ್ತಿನ ಮೇಲೆ ಮತ್ತೊಂದು ಚೀಲ ಹೇರಿದಂತೆ. ನಾವೂ ಅದನ್ನೇ ಮಾಡಿದೆವು.

ಮಾರುವವನ ಪಾಲು

ಜೇವರ್ಗಿಯಿಂದ ಬಹಳ ದೂರವಿಲ್ಲದ ಕಾಗಿಣಾ ದಂಡೆಯ ಮಳಖೇಡ ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತು. ನೃಪತುಂಗನ ಸಭೆಯಲ್ಲಿ ವೈದ್ಯರ ಎದುರು ಉಗ್ರಾದಿತ್ಯಾಚಾರ್ಯರು ಮಾಂಸಸೇವನೆಯ ನಿರರ್ಥಕತೆಯನ್ನು ವಾದಿಸಿ ತೋರಿಸಿದರೆಂದು ಅವರ ‘ಕಲ್ಯಾಣಕಾರಕ’ದ ಹಿತಾಹಿತ ಅಧ್ಯಾಯದಿಂದ ತಿಳಿಯುತ್ತದೆ. ಈ ಸಂಸ್ಕೃತ ವೈದ್ಯಗ್ರಂಥ 1940ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಿಂದಲೇ ಹಿಂದೀ ಅನುವಾದದೊಡನೆ ಅಚ್ಚಾಯಿತು. ಕನ್ನಡದಲ್ಲಿ ಜಗದ್ದಳ ಸೋಮನಾಥ ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಮದ್ಯ, ಮಾಂಸ, ಮಧು ಇಲ್ಲದ ಔಷಧಕ್ರಮವನ್ನು ಬರೆದ. ದೇಹಕ್ಕೆ ಬಲ ಕೊಡುವುದೆಂದಮಾತ್ರಕ್ಕೆ ಯಾವ ವಸ್ತುವೂ ಗ್ರಾಹ್ಯವಲ್ಲ, ಅದರ ಹಿಂದಿನ ಬೆಲೆಯನ್ನೂ ಕೇಳಬೇಕು ಎಂಬ ವಿಚಾರ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು.

ಆ ಬೆಲೆಯನ್ನು ನುಂಗುವವನೊಬ್ಬನೇ ಕೇಳಿದರೆ ಸಾಲದು, ಮಾರುವವನೂ ಕೇಳಬೇಕು. ಇಂಥ ಹಾರ್ಮೋನು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆ ಹಾಗೂ 1945ರ ನಿಯಮಗಳಿಗೆ ವಿರುದ್ಧ. 2022ರಲ್ಲಿ ರಾಷ್ಟ್ರೀಯ ಉದ್ದೀಪನ ವಿರೋಧಿ ಕಾಯಿದೆಯೂ ಬಂದಿದೆ. ಆದರೆ ಅದರ ಪರೀಕ್ಷೆ ನಡೆಯುವುದು ಸ್ಪರ್ಧೆಗಿಳಿಯುವ ಕ್ರೀಡಾಳುಗಳಿಗೆ. ಕನ್ನಡಿಗಾಗಿ ಮೈ ಬೆಳೆಸುವ ಆಳಂದದ, ಅಫಜಲಪುರದ ಹುಡುಗನ ಮೂತ್ರವನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನಿಗೂ ವಿಷಕ್ಕೂ ನಡುವೆ ನಿಂತಿರುವವನು ಅಂಗಡಿಯವನೊಬ್ಬನೇ.

ಪುಡಿಯ ಡಬ್ಬಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಜರ್ಮನಿಯ ಕಲೋನ್ ಪ್ರಯೋಗಾಲಯದವರು 2000-2001ರಲ್ಲಿ 13 ದೇಶಗಳಿಂದ ಕೊಂಡ 634 ಪೌಷ್ಟಿಕ ಪೂರಕಗಳನ್ನು ಪರೀಕ್ಷಿಸಿದಾಗ 94ರಲ್ಲಿ ಚೀಟಿಯ ಮೇಲೆ ನಮೂದಿಸದ ಸ್ಟಿರಾಯ್ಡ್ ಅಂಶ ದೊರೆಯಿತು. ಎಂದರೆ ನೂರಕ್ಕೆ ಸುಮಾರು 15.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ರಾಜ್ಯದ ನಿಯಮವನ್ನು ಮೀರಿದ ವ್ಯಾಪಾರವೂ, ಒಂದರ ಹೆಸರಿನಲ್ಲಿ ಮತ್ತೊಂದನ್ನು ಮಾರುವ ಪ್ರತಿರೂಪಕ ವ್ಯವಹಾರವೂ ಸೇರಿವೆ. ಶ್ರಾವಕನಿಗೆ ನಿಷಿದ್ಧವಾದ ವ್ಯಾಪಾರಗಳಲ್ಲಿ ವಿಷವಾಣಿಜ್ಯ ಒಂದು. ಇವನ್ನು ನಾವು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಔಷಧದ ಅಂಗಡಿ, ಕಿರಾಣಿ, ಏಜೆನ್ಸಿ ನಡೆಸುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. “ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ” ಎಂಬ ಸಮರ್ಥನೆಯನ್ನು ನಾನೂ ನನ್ನ ವ್ಯಾಪಾರದಲ್ಲಿ ಒಮ್ಮೆಯಲ್ಲ, ಹಲವು ಬಾರಿ ಹೇಳಿಕೊಂಡಿದ್ದೇನೆ. ಆಸ್ಪತ್ರೆಯ ಆ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಅದು ಎಷ್ಟು ಹಗುರವಾದ ಮಾತೆಂದು ತಿಳಿಯಿತು. ಹುಡುಗನಿಗೆ ಗುಳಿಗೆ ಕೊಟ್ಟವನೂ ನನ್ನಂಥ ಒಬ್ಬ ವ್ಯಾಪಾರಿಯೇ.

ಮಾಡಬಹುದಾದದ್ದು

ಮಕ್ಕಳನ್ನು ವ್ಯಾಯಾಮದಿಂದ ತಡೆಯುವುದು ಪರಿಹಾರವಲ್ಲ. ಬಸದಿಯ ಟ್ರಸ್ಟುಗಳು ಜಾಗವಿದ್ದಲ್ಲಿ ಒಂದು ಚಿಕ್ಕ ವ್ಯಾಯಾಮಶಾಲೆಯನ್ನು ನಡೆಸಿ, ಬಲ್ಲ ಗುರುವೊಬ್ಬರನ್ನು ನೇಮಿಸಬಹುದು. ವರ್ಷಕ್ಕೊಮ್ಮೆ ವೈದ್ಯರನ್ನು ಕರೆಸಿ ಯುವಕರೊಡನೆ ಮಾತನಾಡಿಸಬಹುದು. ಸಸ್ಯಾಹಾರದಲ್ಲಿ ಮೈ ಬೆಳೆಯದೆಂಬ ಕೀಳರಿಮೆಯೇ ಎಷ್ಟೋ ಹುಡುಗರನ್ನು ಗುಳಿಗೆಯ ಕಡೆ ತಳ್ಳುತ್ತದೆ. ಅದಕ್ಕೆ ಉತ್ತರ ನಮ್ಮ ಹೊಲದಲ್ಲಿಯೇ ಇದೆ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ನಮ್ಮ ಜಿಲ್ಲೆಯ ತೊಗರಿಬೇಳೆಯಲ್ಲಿ ನೂರು ಗ್ರಾಮಿಗೆ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಸಾಮಾನ್ಯ ಜೀವನಕ್ಕೆ 60 ಕಿಲೋ ತೂಕದವನಿಗೆ ದಿನಕ್ಕೆ 50 ಗ್ರಾಂ ಸಾಕು; ಭಾರ ಎತ್ತುವವನಿಗೆ ಅದರ ಎರಡು ಪಟ್ಟು ಬೇಕಾದರೂ ರೊಟ್ಟಿ, ಬೇಳೆ, ಕಡಲೆ, ಹಾಲು, ಮೊಸರುಗಳಿಂದ ಕೂಡಿಸಬಹುದು. ಬೆಳವಣಿಗೆ ನಿಧಾನವಾಗಬಹುದು, ಆದರೆ ಆದಷ್ಟೂ ಸ್ವಂತ ಬಂಡವಾಳ.

ನಮ್ಮ ಹುಡುಗನ ತುರಿಕೆ ಹೋಗಲು ತಿಂಗಳ ಮೇಲಾಯಿತು. ಕಣ್ಣು ತಿಳಿಯಾಗಲು ಮೂರು ತಿಂಗಳು. ತೋಳು ಈಗ ಮೊದಲಿನಷ್ಟು ದಪ್ಪವಿಲ್ಲ, ಅವನು ಮತ್ತೆ ವ್ಯಾಯಾಮ ಆರಂಭಿಸಿದ್ದಾನೆ. ಕಳೆದ ಸಲ ಮನೆಗೆ ಬಂದಾಗ ನಾನು ಅವನ ಭುಜ ತಟ್ಟಿ ಹೊಗಳಿದೆ, ಹೊಗಳಿದ ಮೇಲೆ, ದಸರೆಯಲ್ಲಿ ಕೇಳದೆ ಬಿಟ್ಟದ್ದನ್ನೂ ಕೇಳಿದೆ: “ಏನು ತಿಂತೀಪಾ? ಏನು ತೊಗೋತೀ?” ಅವನು ನಕ್ಕು, ಒಂದೊಂದಾಗಿ ಎಲ್ಲವನ್ನೂ ಹೇಳಿದ. ಎಲ್ಲ ಮನೆಗಳ ಹಿರಿಯರೂ ಹೊಗಳಿಕೆಯ ಜೊತೆಗೆ ಈ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ ಎಂಬುದೇ ನನ್ನ ವಿನಂತಿ.